ಕೊನೇಸಾಲಿನವ ಎಂಬ ಟೈಪಿಂಗ್ ಮಿಸ್

ಅಂದು ಬೆಳಿಗ್ಗೆ ನಾನು ಅವರೆಕಾಳು ಹಿತಕುತ್ತ ಕೂತಿದ್ದೆ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಸಿಪ್ಪೆ ಬಿಟ್ಟು ಪಾತ್ರೆಗೆ ಹಾರಬೇಕು. ನಾನು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೈದು ವರ್ಷ ದಾಟಿದ್ದರೂ ನನ್ನ ಬೇಳೆಗಳಿಗೆ ಪಾತ್ರೆ ಎಲ್ಲಿದೆಯೆಂದು ತಿಳಿದಿರಲಿಲ್ಲ. ಅತ್ತೆ ಎದುರಿಗೆ ಕೂತಿದ್ದರು. ಬಾಯಲ್ಲಿ ದೇವರ ನಾಮ, ಕಣ್ಣು ನನ್ನ ಬೆರಳ ಮೇಲೆ. ಯಜಮಾನರು ಟಿಫನ್ ಡಬ್ಬಿ ಮರೆತು ಹೋಗಿ, ಗೇಟಿನಿಂದ ವಾಪಸ್ ಬಂದು ಡಬ್ಬಿ ತೆಗೆದುಕೊಂಡು, ಹೆಲ್ಮೆಟ್ ಮರೆತು ಹೋಗಿದ್ದರು. ಎಲ್ಲವೂ ಎಂದಿನಂತೆಯೇ ಇದೆ ಎಂದುಕೊಳ್ಳುವಾಗ ಫೋನು ಬಂತು.

“ನಾನು ತುಮಕೂರಿಂದ ಮಾತಾಡ್ತಿರೋದು,” ಎಂದಿತು ಒಂದು ಹೆಂಗಸಿನ ದನಿ. “ನಿಮ್ಮ ಪಕ್ಕದ್ಮನೆ ಮೇಲ್ಗಡೆ ರೂಮಲ್ಲಿದ್ರಲ್ಲ, ಟೈಪಿಂಗ್ ಹೇಳ್ಕೊಡ್ತಿದ್ರು, ಅವರ ತಂಗಿ. ಅಕ್ಕ ಮೊನ್ನೆ ಹೋಗ್ಬಿಟ್ರು. ಅವರ ಡೈರೀಲಿ ನಿಮ್ಮ ನಂಬರ್ ಇತ್ತು. ಹೆಸರಿನ ಮುಂದೆ ಬರೀ ಶುಕ್ರವಾರ ಅಂತ ಬರೆದಿದ್ರು. ಏನು ಅಂತ ಗೊತ್ತಾಗ್ಲಿಲ್ಲ.”

ಅತ್ತೆ ಎದುರಿಗೇ ಕೂತಿದ್ದರು. ನನ್ನ ಬಾಯಿಂದ, ಅಭ್ಯಾಸಬಲದಿಂದ, ಸುಳ್ಳೇ ಹೊರಟಿತು. “ಶುಕ್ರವಾರ ರಾಹುಕಾಲದ ಪೂಜೆಗೆ ಒಟ್ಟಿಗೆ ಹೋಗ್ತಿದ್ವಿ,” ಎಂದೆ.

“ಹೌದಾ. ಇಲ್ಲಿ ದೇವಸ್ಥಾನಕ್ಕೆ ಕರೆದ್ರೂ ಬರ್ತಿರ್ಲಿಲ್ವಲ್ಲ,” ಎಂದು ಆಕೆ ಆಶ್ಚರ್ಯಪಟ್ಟು ಫೋನಿಟ್ಟರು.

ಒಡಹುಟ್ಟಿದ ತಂಗಿಗೂ ಗೊತ್ತಿರಲಿಲ್ಲ. ಹದಿಮೂರು ವರ್ಷ ಒಂದು ಪತ್ರಿಕೆಯ ಭಾನುವಾರದ ಸಂಚಿಕೆಯಲ್ಲಿ ‘ಕೊನೇಸಾಲಿನವ’ ಎಂಬ ಹೆಸರಿನಲ್ಲಿ ಆ ವಾರ ಬಿಡುಗಡೆಯಾದ ಸಿನಿಮಾಗಳ ವಿಮರ್ಶೆ ಬರುತ್ತಿತ್ತು. ಬೆಂಗಳೂರಿನಲ್ಲಿ ಎಷ್ಟೋ ಮನೆಗಳು ಅದನ್ನು ಓದಿದ ಮೇಲೆಯೇ ಯಾವ ಸಿನಿಮಾಕ್ಕೆ ಹೋಗುವುದೆಂದು ತೀರ್ಮಾನಿಸುತ್ತಿದ್ದವು. ಆ ಕೊನೇಸಾಲಿನವ ಒಬ್ಬ ಹೆಂಗಸು, ಅದೂ ನಮ್ಮ ಪಕ್ಕದ ಮನೆಯ ಟೈಪಿಂಗ್ ಮಿಸ್ ಎಂಬುದು ಗೊತ್ತಿದ್ದದ್ದು ಇಬ್ಬರಿಗೆ: ಆ ಕಾಲದ ಸಂಪಾದಕರಿಗೆ, ಮತ್ತು ನನಗೆ. ಸಂಪಾದಕರು ತೀರಿಕೊಂಡು ಬಹಳ ಕಾಲವಾಗಿತ್ತು.

ಹನ್ನೊಂದು ಗಂಟೆಗೆ ನಾನು ಪತ್ರಿಕೆಯ ಕಚೇರಿಗೆ ಫೋನು ಮಾಡಿದೆ. ಅಷ್ಟು ವರ್ಷ ಬರೆದವರ ಬಗ್ಗೆ ಎರಡು ಸಾಲು ಹಾಕುವುದು ಬೇಡವೇ ಎನಿಸಿತು. ಎತ್ತಿದ್ದು ಒಬ್ಬ ಚಿಕ್ಕ ವಯಸ್ಸಿನ ಹುಡುಗಿ.

“ಕೊನೇಸಾಲಿನವನಾ? ಅಯ್ಯೋ, ನಮ್ಮಪ್ಪ ಓದ್ತಿದ್ರು ಮೇಡಂ. ತೀರ್ಕೊಂಡ್ರಾ ಅವ್ರು? ನಿಜವಾದ ಹೆಸರೇನು?”

“ಹೆಸರು… ವಿಚಾರಿಸಿ ಹೇಳ್ತೀನಿ.”

“ಸಂಜೆ ಐದರೊಳಗೆ ಹೇಳಿ ಮೇಡಂ. ಹೆಸರು, ಒಂದು ಫೋಟೋ ಕೊಟ್ರೆ ನಾಳೆ ಒಳಪುಟದಲ್ಲಿ ಚೆನ್ನಾಗಿ ಹಾಕ್ತೀವಿ.”

ಅದು ಅಷ್ಟು ಸುಲಭವಾಗಿದ್ದರೆ ಅಲ್ಲೇ ಹೇಳಿಬಿಡುತ್ತಿದ್ದೆ. ಆದರೆ ಪಕ್ಕದ ಮನೆಯ ಜಡ್ಜ್ ಅಂಕಲ್ ಆ ಪತ್ರಿಕೆಯನ್ನು ತಲೆಬರಹದಿಂದ ಹಿಡಿದು ಕೊನೆಯಲ್ಲಿ ಮುದ್ರಕರ ಹೆಸರಿನವರೆಗೂ ಓದುತ್ತಿದ್ದರು. ಅವರಿಗೆ ಮಾತ್ರ ಎಂದೂ ತಿಳಿಯಬಾರದೆಂದು ಮಿಸ್ ನನ್ನಿಂದ ಮಾತು ತೆಗೆದುಕೊಂಡಿದ್ದರು. ಈಗ ಅಂಕಲ್ ಕೂಡ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನು ಮಾತ್ರ ಈಗಲೂ ಬರೆಯುವುದಿಲ್ಲ.

ಮಿಸ್ ಕಲಿಸುತ್ತಿದ್ದದ್ದು ಜಯನಗರ ನಾಲ್ಕನೇ ಬ್ಲಾಕಿನಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ. ಬೆಳಿಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಸಣಕಲು ಮೈ, ಗಂಜಿ ಹಾಕಿದ ಕಾಟನ್ ಸೀರೆ, ತುರುಬಿನಲ್ಲಿ ಹೂವಿನ ಬದಲು ಒಂದು ಪೆನ್ಸಿಲ್. ಪೆನ್ಸಿಲ್ ಚೂಪಾಗಿದೆಯೇ ಎಂದು ಆಗಾಗ ತುರುಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಯಾರಾದರೂ ಬಿಡುವಿಲ್ಲದೆ ಮಾತಾಡಿದರೆ, “ಸ್ವಲ್ಪ ಮಾರ್ಜಿನ್ ಬಿಡಿ,” ಎನ್ನುತ್ತಿದ್ದರು. ನಮ್ಮ ಅತ್ತೆಗೂ ಒಂದು ಸಲ ಹಾಗೆ ಹೇಳಿಬಿಟ್ಟರು. ಅತ್ತೆ ಅದೇನೋ ಒಳ್ಳೆಯ ಮಾತಿರಬೇಕೆಂದುಕೊಂಡು ಅವರಿಗೆ ಕೋಡುಬಳೆ ಕೊಟ್ಟು ಕಳಿಸಿದರು.

ಅವರು ಬಾಡಿಗೆಗಿದ್ದ ಮನೆಯ ಮಾಲೀಕರೇ ಜಡ್ಜ್ ಅಂಕಲ್. ನಿಜಕ್ಕೂ ಜಡ್ಜ್ ಅಲ್ಲ. ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿದ್ದು, ಬೇಗ ನಿವೃತ್ತಿ ತೆಗೆದುಕೊಂಡು, ಸಿನಿಮಾದಲ್ಲಿ ಜಡ್ಜ್ ಆದವರು. ಏಳೆಂಟು ಸಿನಿಮಾಗಳಲ್ಲಿ “ಆರ್ಡರ್, ಆರ್ಡರ್” ಎಂದಿದ್ದರು. ಒಂದೆರಡರಲ್ಲಿ ಡಾಕ್ಟರಾಗಿ ಕನ್ನಡಕ ತೆಗೆದು ತಲೆ ಅಲ್ಲಾಡಿಸಿದ್ದರು. ಅವರಿಗೇ ಕರೆ ಬರುವುದಕ್ಕೆ ಒಂದು ಕಾರಣವಿತ್ತು: ಕರೀ ಕೋಟು ಅವರದೇ. ಸ್ವಂತ ಖರ್ಚಿನಲ್ಲಿ ಹೊಲಿಸಿದ್ದರು. ಬಿಸಿಲು ಬಂದ ದಿನ ಅದು ಮಹಡಿಯ ತಂತಿಯ ಮೇಲೆ ತೂಗುತ್ತಿತ್ತು. ಅದು ತೂಗಿದರೆ ಇಡೀ ರಸ್ತೆಗೆ ಶೂಟಿಂಗ್ ಇದೆಯೆಂದು ತಿಳಿಯುತ್ತಿತ್ತು.

ಮಿಸ್ ಆ ಕೋಣೆಗೆ ಬಂದ ಮೊದಲ ವಾರವೇ ಅಂಕಲ್ ಅವರಿಗೆ ಸಿನಿಮಾ ಪಾಸ್ ಕೊಡಲು ಹೋದರಂತೆ. “ಕತ್ತಲಲ್ಲಿ ಕೂತ್ರೆ ನನಗೆ ತಲೆನೋವು ಬರುತ್ತೆ ಸಾರ್,” ಎಂದು ಮಿಸ್ ಕೈಮುಗಿದರು. ಆಗಲೇ ಅವರು ಪತ್ರಿಕೆಗೆ ಬರೆಯಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ಮನೆ ಮಾಲೀಕರೇ ಸಿನಿಮಾದವರೆಂದು ತಿಳಿದು ಅವರಿಗೆ ನಿಜವಾಗಿಯೂ ತಲೆನೋವು ಬಂದಿರಬೇಕು.

ನನ್ನನ್ನು ಅವರು ಮೊದಲು ಕರೆದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಮಕ್ಕಳಿಬ್ಬರೂ ಸ್ಕೂಲಿಗೆ ಹೋಗಲು ತೊಡಗಿದ್ದರು. ಕಾಂಪೌಂಡ್ ಗೋಡೆಯ ಆಚೆಯಿಂದ ಮೆಲ್ಲಗೆ ಕೇಳಿದರು:

“ಶುಕ್ರವಾರ ಮಾರ್ನಿಂಗ್ ಶೋಗೆ ಬರ್ತೀರಾ?”

“ನಾನಾ? ಯಾಕೆ ಮಿಸ್?”

“ಒಬ್ಬಳೇ ಹೋದ್ರೆ ಗೇಟ್‌ನವನು ನನ್ನ ಮುಖ ನೋಡ್ತಾನೆ. ಇಬ್ಬರು ಹೋದ್ರೆ ಟಿಕೆಟ್ ನೋಡ್ತಾನೆ.”

ನಾನು ಓದಿದ ಕಾನ್ವೆಂಟಿನಲ್ಲಿ ವರ್ಷಕ್ಕೊಂದು ಸಿನಿಮಾ ತೋರಿಸುತ್ತಿದ್ದರು. ಪರದೆಯ ಮೇಲೆ ಯಾರಾದರೂ ಯಾರ ಹತ್ತಿರಕ್ಕಾದರೂ ಹೋದರೆ ಒಬ್ಬ ಸಿಸ್ಟರ್ ಎದ್ದು ಪ್ರೊಜೆಕ್ಟರಿನ ಮುಂದೆ ರಟ್ಟು ಹಿಡಿಯುತ್ತಿದ್ದರು. ಹಾಗಾಗಿ ಸಿನಿಮಾ ಎಂದರೆ ಆಗಾಗ ಕತ್ತಲಾಗುವ ಒಂದು ವಸ್ತು ಎಂದೇ ಬಹುಕಾಲ ತಿಳಿದಿದ್ದೆ. ರಟ್ಟು ಇಲ್ಲದ ಸಿನಿಮಾ ನೋಡುವ ಆಸೆಗೆ ಒಪ್ಪಿಕೊಂಡೆ. ಮನೆಯಲ್ಲಿ ಏನು ಹೇಳುವುದು? ಅದಕ್ಕೂ ಮಿಸ್ ಬಳಿ ಉತ್ತರವಿತ್ತು. ಶುಕ್ರವಾರ ಹತ್ತೂವರೆಗೆ ರಾಹುಕಾಲ. ಬನಶಂಕರಿ ಅಮ್ಮನ ದೇವಸ್ಥಾನದಲ್ಲಿ ಹೆಂಗಸರು ಸಾಲಾಗಿ ಕೂತು ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುವ ಹೊತ್ತು. ನಮ್ಮ ಅತ್ತೆಗೆ ಸೊಸೆಗೆ ಇದ್ದಕ್ಕಿದ್ದಂತೆ ಬಂದ ಭಕ್ತಿ ಕಂಡು ಎಷ್ಟು ಸಂತೋಷವಾಯಿತೆಂದರೆ, ಗುರುವಾರವೇ ತಾವೇ ನಿಂಬೆಹಣ್ಣು ಆರಿಸಿ ಇಡುತ್ತಿದ್ದರು.

ಪೂರ್ತಿ ಸುಳ್ಳಾಗಬಾರದೆಂದು ನಾವು ಮೊದಲು ದೇವಸ್ಥಾನಕ್ಕೇ ಹೋಗುತ್ತಿದ್ದೆವು. ದೀಪ ಹಚ್ಚಿ, ಪ್ರದಕ್ಷಿಣೆಯನ್ನು ನಾನು ಭಯದಿಂದಲೂ ಮಿಸ್ ವೇಗದಿಂದಲೂ ಮುಗಿಸಿ, ಆಟೋ ಹತ್ತಿ ನಾಲ್ಕನೇ ಬ್ಲಾಕಿನ ಥಿಯೇಟರಿಗೆ. ಅಲ್ಲಿಲ್ಲದ ಸಿನಿಮಾ ಆದರೆ ಮೆಜೆಸ್ಟಿಕ್ಕಿಗೆ. ಎಷ್ಟೋ ಸಲ ಹೆಸರು ತೋರಿಸುವುದು ಮುಗಿದೇ ಹೋಗಿರುತ್ತಿತ್ತು. “ಪರವಾಗಿಲ್ಲ. ಹೆಸರುಗಳ ಬಗ್ಗೆ ನಾನು ಬರೆಯಲ್ಲ,” ಎನ್ನುತ್ತಿದ್ದರು.

‘ಬರೆಯಲ್ಲ’ ಎಂಬ ಮಾತು ಆಗ ನನಗೆ ಅರ್ಥವಾಗಿರಲಿಲ್ಲ. ನನಗೆ ಕಂಡದ್ದು ಇಷ್ಟೇ: ದೀಪ ಆರಿದ ಕೂಡಲೇ ಅವರು ತುರುಬಿನಿಂದ ಪೆನ್ಸಿಲ್ ತೆಗೆದು, ಮಡಿಲಲ್ಲಿ ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು, ಕಣ್ಣು ಪರದೆಯಿಂದ ಕದಲಿಸದೆ ಶಾರ್ಟ್‌ಹ್ಯಾಂಡಿನಲ್ಲಿ ಗೀಚಲು ತೊಡಗುತ್ತಿದ್ದರು. ಕತ್ತಲಲ್ಲಿ ಆ ಪೆನ್ಸಿಲ್ ಇಲಿ ಓಡಾಡಿದ ಹಾಗೆ ಸದ್ದು ಮಾಡುತ್ತಿತ್ತು.

“ಏನು ಬರೀತಿದೀರ ಮಿಸ್?”

“ಸ್ಪೀಡ್ ಪ್ರಾಕ್ಟೀಸ್. ಈ ಹೀರೋ ನಿಮಿಷಕ್ಕೆ ನೂರಿಪ್ಪತ್ತು ಪದ ಮಾತಾಡ್ತಾನೆ. ಸೀನಿಯರ್ ಪರೀಕ್ಷೆಗೆ ಸರಿಯಾಗಿದೆ.”

ನಾನು ನಂಬಿದೆ. ಎರಡು ತಿಂಗಳು ನಂಬಿದೆ. ಆಮೇಲೆ ಒಂದು ಭಾನುವಾರ ಯಜಮಾನರು ಪತ್ರಿಕೆ ಹಿಡಿದು ನಗುತ್ತ, “ಈ ಕೊನೇಸಾಲಿನವ ಸಖತ್ತಾಗಿ ಬರೀತಾನೆ ಕಣೆ, ಕೇಳು,” ಎಂದು ಓದಿದರು: “ಕರೆಂಟಿಲ್ಲದ, ಒಲೆ ಹಚ್ಚಲು ಸೌದೆಯೂ ಇಲ್ಲದ ಆ ಗುಡಿಸಲಿನಲ್ಲಿ ತಾಯಿಯ ಹರಿದ ಸೀರೆಗೆ ಅಷ್ಟು ನೀಟಾಗಿ ಇಸ್ತ್ರಿ ಹಾಕಿಕೊಟ್ಟವರು ಯಾರು?” ನನ್ನ ಕೈಯಲ್ಲಿದ್ದ ದೋಸೆ ಹಿಟ್ಟಿನ ಸೌಟು ನಿಂತಿತು. ಅದು ನನ್ನ ಮಾತು. ಶುಕ್ರವಾರ ಇಂಟರ್‌ವಲ್‌ನಲ್ಲಿ ನಾನು ಮಿಸ್ ಕಿವಿಯಲ್ಲಿ ಹೇಳಿದ್ದು.

ಮಧ್ಯಾಹ್ನ ಒಂದು ಬಟ್ಟಲು ಪಲ್ಯ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮಿಸ್ ನನ್ನ ಮುಖ ನೋಡಿದರು, ಬಟ್ಟಲು ನೋಡಿದರು.

“ಇಸ್ತ್ರಿ ವಿಷಯ ತಾನೆ? ನಿಮ್ಮನ್ನ ಕೇಳದೆ ತಗೊಂಡೆ. ತಪ್ಪಾಯ್ತು.”

“ಅದು ನೀವೇನಾ?”

“ಕೂತ್ಕೊಳ್ಳಿ. ಸ್ವಲ್ಪ ಮಾರ್ಜಿನ್ ಬಿಡಿ, ಹೇಳ್ತೀನಿ.”

ಸಂಪಾದಕರ ಮಗಳಿಗೆ ಟೈಪಿಂಗ್ ಕಲಿಸುತ್ತಿದ್ದಾಗ, ಒಂದು ಸಿನಿಮಾದ ಬಗ್ಗೆ ಸಿಟ್ಟಿನಿಂದ ಒಂದು ಪುಟ ಟೈಪ್ ಮಾಡಿದ್ದರಂತೆ. ಅದು ಆ ಹುಡುಗಿಯ ಅಭ್ಯಾಸದ ಹಾಳೆಗಳ ಜೊತೆ ಸೇರಿಹೋಗಿ, ತಂದೆಯ ಕೈಗೆ ಸಿಕ್ಕಿ, ಅವಳಿಗೂ ತಿಳಿಯದಂತೆ ಅಚ್ಚಾಯಿತು. ಹೆಂಗಸು ಪ್ರತಿ ಶುಕ್ರವಾರ ಮೊದಲ ಆಟಕ್ಕೆ ಹೋಗುತ್ತಾಳೆಂದರೆ ಜನ ಬರೆದದ್ದನ್ನು ಬಿಟ್ಟು ಬರೆದವಳ ಬಗ್ಗೆ ಮಾತಾಡುತ್ತಾರೆ ಎಂದು ಸಂಪಾದಕರೇ ಗಂಡಸಿನ ಹೆಸರು ಕೊಟ್ಟರು. ಮಿಸ್ ಅದಕ್ಕೆ ಬೇಸರಪಟ್ಟುಕೊಂಡಿರಲಿಲ್ಲ. “ಕೊನೇ ಸಾಲು ಅನ್ನೋದಂತೂ ನಿಜ. ಅಲ್ಲಿ ಕೂತ್ರೆ ಎರಡು ಸಿನಿಮಾ ಕಾಣ್ಸುತ್ತೆ. ಒಂದು ಮುಂದೆ ಪರದೆ ಮೇಲೆ, ಇನ್ನೊಂದು ಮಧ್ಯದಲ್ಲಿ ಇರೋ ತಲೆಗಳದ್ದು.”

ಆ ತಲೆಗಳನ್ನು ಅವರು ಓದುತ್ತಿದ್ದ ರೀತಿಯೇ ಬೇರೆ. ಥಿಯೇಟರಿನ ಸ್ಪ್ರಿಂಗ್ ಕುರ್ಚಿಗಳು ಜನ ಎದ್ದಾಗ ಟಪ್ಪೆಂದು ಮೇಲೇಳುತ್ತವಲ್ಲ, ಹಾಡು ಬಂದಾಗ ಅವರು ಆ ಸದ್ದಿಗೆ ಕಿವಿಗೊಡುತ್ತಿದ್ದರು. ಟಪ್ ಟಪ್ ಎಂದು ಸಾಲಾಗಿ ಕೇಳಿದರೆ ಗಂಡಸರೆಲ್ಲ ಬೀಡಿ ಸೇದಲು ಹೊರಟರೆಂದು ಅರ್ಥ. ಹಾಡು ಸೋತಿತೆಂದು ಬರೆದುಕೊಳ್ಳುತ್ತಿದ್ದರು. ಇಂಟರ್‌ವಲ್‌ನಲ್ಲಿ ಹೆಂಗಸರ ಟಾಯ್ಲೆಟ್ಟಿನ ಸಾಲಿನಲ್ಲಿ ಅವಶ್ಯಕತೆ ಇರಲಿ ಬಿಡಲಿ ನಿಲ್ಲುತ್ತಿದ್ದರು. ದೊಡ್ಡ ವಿಮರ್ಶಕರೆಲ್ಲ ಆ ಸಾಲಿನಲ್ಲೇ ಇರುತ್ತಾರೆ ಎಂಬುದು ಅವರ ನಂಬಿಕೆ. “ಆ ತಂಗಿ ಪಾತ್ರದವಳನ್ನ ಸಾಯಿಸೋಕೇ ಕರ್ಕೊಂಡ್ಬಂದಿದಾರೆ, ನೋಡ್ತಿರು,” ಎಂದು ಒಬ್ಬ ಹೆಂಗಸು ಹೇಳಿದ್ದು ಹಾಗೇ ನಿಜವಾಯಿತು. ಭಾನುವಾರ ಪತ್ರಿಕೆಯಲ್ಲೂ ಬಂತು.

ಅವರ ಅಭಿಪ್ರಾಯಗಳು ಸಣ್ಣವು, ಸೂಜಿಯಂಥವು. “ನಾಯಕಿ ಮೂರು ಹಾಡುಗಳಲ್ಲಿ ಮಳೆಯಲ್ಲಿ ನೆನೆದಿದ್ದಾರೆ. ನೆಗಡಿಯಾಗುವ ದೃಶ್ಯವನ್ನು ಕತ್ತರಿಸಿರಬೇಕು.” “ಮೊದಲರ್ಧ ಬಹಳ ಉದ್ದವಾಯಿತು. ಎರಡನೆಯರ್ಧ ನೋಡಿದ ಮೇಲೆ ಹಾಗನ್ನಿಸುವುದಿಲ್ಲ.” ಆದರೆ ಅವರು ಎಡವಿದ್ದೂ ಉಂಟು, ಅದನ್ನು ನಾನು ಎಂದೂ ಮರೆಯಲು ಬಿಡಲಿಲ್ಲ. ಒಂದು ಸಿನಿಮಾದಲ್ಲಿ ನಾಯಕ ಸತ್ತ ಮೇಲೆ ಮುಂದಿನ ದೃಶ್ಯದಲ್ಲಿ ತಂಗಿಯ ಮದುವೆಗೆ ತರಕಾರಿ ಆರಿಸುತ್ತಿದ್ದ.

“ಮಿಸ್, ಏಟು ಬೀಳೋ ಮೊದಲೇ ಇವನ ತಲೆಗೆ ಬ್ಯಾಂಡೇಜ್ ಇತ್ತಲ್ಲ,” ಎಂದೆ.

“ಶ್. ಅದೇ ಹೊಸ ಶೈಲಿ,” ಎಂದರು. ಪೆನ್ಸಿಲ್ ಓಡುತ್ತಿತ್ತು.

ಆ ಭಾನುವಾರ ಕೊನೇಸಾಲಿನವ ಕಾಲವನ್ನು ಹಿಂದುಮುಂದಾಗಿಸಿ ಕಥೆ ಹೇಳಿದ ನಿರ್ದೇಶಕರ ಧೈರ್ಯವನ್ನು ಕೊಂಡಾಡಿದ. ಬುಧವಾರ ಇನ್‌ಸ್ಟಿಟ್ಯೂಟಿನ ಒಬ್ಬ ಹುಡುಗಿ ಬೇರೆ ಥಿಯೇಟರಿನಲ್ಲಿ ಅದೇ ಸಿನಿಮಾ ನೋಡಿಬಂದು ಕಥೆ ಹೇಳಿದಾಗ ಗೊತ್ತಾಯಿತು, ನಾವು ನೋಡಿದ ಕಡೆ ರೀಲು ಅದಲುಬದಲಾಗಿತ್ತು. ಮಿಸ್ ಆ ಇಡೀ ದಿನ ಊಟ ಮಾಡಲಿಲ್ಲ. ಮುಂದಿನ ವಾರದ ಅಂಕಣದ ಮೊದಲ ಸಾಲೇ ಹೀಗಿತ್ತು: “ಹೋದ ವಾರ ನಾನು ಹೊಗಳಿದ್ದು ಥಿಯೇಟರಿನ ಆಪರೇಟರನ್ನು. ನಿರ್ದೇಶಕರು ಕಥೆಯನ್ನು ನೆಟ್ಟಗೇ ಹೇಳಿದ್ದಾರಂತೆ. ಇಬ್ಬರ ಕ್ಷಮೆಯನ್ನೂ ಕೇಳುತ್ತೇನೆ.”

ಭಾನುವಾರ ಬೆಳಿಗ್ಗೆ ಏಳೂವರೆ ನನಗೆ ವಾರದ ಅತ್ಯಂತ ಕಷ್ಟದ ಹೊತ್ತು, ನಗು ತಡೆಯುವುದಕ್ಕೆ. ಜಡ್ಜ್ ಅಂಕಲ್ ಪತ್ರಿಕೆ ಹಿಡಿದು ಗೇಟಿನ ಬಳಿ ನಿಲ್ಲುತ್ತಿದ್ದರು. ಮಿಸ್ ಕೆಳಗಿನ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದರು. ನಾನು ಈಚೆ ತುಳಸಿಗೆ ನೀರು ಹಾಕುತ್ತ ನಿಲ್ಲುತ್ತಿದ್ದೆ; ಆ ತುಳಸಿ ಭಾನುವಾರ ಒಂದು ದಿನ ಅರ್ಧ ಬಕೆಟ್ ನೀರು ಕುಡಿಯುತ್ತಿತ್ತು.

“ನೋಡಿ ಮಿಸ್, ಏನು ಬರೆದಿದಾನೆ ಕೊನೇಸಾಲಿನವ. ‘ನ್ಯಾಯಾಲಯದ ದೃಶ್ಯದಲ್ಲಿ ನಂಬುವಂತಿದ್ದದ್ದು ಜಡ್ಜ್ ಅವರ ಕೋಟು ಮಾತ್ರ’ ಅಂತೆ. ನೀವು ಸಿನಿಮಾ ನೋಡೋರಲ್ಲ, ಆದ್ರೂ ಹೇಳಿ, ಇದು ಬರೆಯೋ ಮಾತಾ?”

“ಯಾರೋ ಮಾಡಕ್ಕೆ ಕೆಲಸ ಇಲ್ದೋನು ಸಾರ್.”

“ಹಾಗನ್ನಬೇಡಿ. ಕೋಟು ಗಮನಿಸಿದಾನೆ. ನನ್ನ ಬಗ್ಗೆ ಒಂದು ಮಾತಿಲ್ಲ, ಅಷ್ಟೆ.”

ಬೈಯುವಾಗಲೂ ಅವರ ದನಿಯಲ್ಲಿ ಒಂದು ಆಸೆ ಇರುತ್ತಿತ್ತು. ಹೆಂಡತಿ ಹೊಗಳುತ್ತಿದ್ದರು, ಮಕ್ಕಳು ಹೊಗಳುತ್ತಿದ್ದರು, ಇಸ್ತ್ರಿಯವನು ಹೊಗಳುತ್ತಿದ್ದ. ಅವರಿಗೆ ಬೇಕಾಗಿದ್ದದ್ದು ತಮ್ಮನ್ನು ಅರಿಯದ ಯಾರಾದರೊಬ್ಬರು ಒಂದು ಸಾಲು ಬರೆಯುವುದು. ಮಿಸ್‌ಗೆ ಇದು ಗೊತ್ತಿತ್ತು. ಒಂದು ಸಲ ನಾನೇ ಹೇಳಿದೆ, ಒಂದೊಳ್ಳೆ ಮಾತು ಸೇರಿಸಿಬಿಡಿ, ಯಾರಿಗೆ ನಷ್ಟ ಎಂದು. ಅವರು ನನ್ನನ್ನು ಟೈಪಿಂಗಿನಲ್ಲಿ ತಪ್ಪು ಮಾಡಿದ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. “ಆರ್ಡರ್ ಆರ್ಡರ್ ಅನ್ನೋದಕ್ಕೆ ಏನಂತ ಬರೀಲಿ? ಸುಳ್ಳು ಬರೆದ್ರೆ ಅವರಿಗೆ ಸುಳ್ಳು ಕೊಟ್ಟ ಹಾಗೆ.”

ಆಮೇಲೆ ಅಂಕಲ್‌ಗೆ ಒಂದು ಪಾತ್ರ ಬಂತು. ತಂದೆಯ ಪಾತ್ರ. ನಾಲ್ಕು ದೃಶ್ಯ. ಕೋಟು ಬೇಡ, ಪಂಚೆ ಬನಿಯನ್ ಸಾಕು ಎಂದಿದ್ದರಂತೆ. ಆ ಮಾತನ್ನು ಅಂಕಲ್ ಎರಡೆರಡು ಸಲ ಹೇಳಿದರು. ಬಿಡುಗಡೆಯ ಹಿಂದಿನ ದಿನ ನಲ್ಲಿಯ ಹತ್ತಿರ ಮಿಸ್ ಎದುರು ನಿಂತು ಹೇಳಿದರು:

“ಈ ಸಲ ಅವನು ಬರೀಲಿ ಮಿಸ್. ಕೆಟ್ಟದಾಗಾದ್ರೂ ಬರೀಲಿ. ಇನ್ನು ಇಂಥ ಪಾತ್ರ ನನಗೆ ಬರಲ್ಲ.”

ಮಿಸ್ ಕೊಡ ತುಂಬಿ ಹರಿದರೂ ನಲ್ಲಿ ನಿಲ್ಲಿಸಲಿಲ್ಲ.

ಶುಕ್ರವಾರ ನಾವು ದೀಪ ಹಚ್ಚುವಾಗ ಅವರು ಎರಡು ಹೆಚ್ಚಿಗೆ ಹಚ್ಚಿದರು. ಯಾಕೆಂದು ನಾನು ಕೇಳಲಿಲ್ಲ. ಥಿಯೇಟರಿನಲ್ಲಿ ಮೊದಲ ಮೂರು ದೃಶ್ಯ ನೋಡಲಾಗಲಿಲ್ಲ. ಅಂಕಲ್ ಮಗಳಿಗೆ ಕಾಫಿ ತಾ ಎನ್ನುವುದನ್ನೂ ಶಿಕ್ಷೆ ವಿಧಿಸುವಂತೆ ಹೇಳಿದರು. ಮುಂದಿನ ಸಾಲಿನಿಂದ ಯಾರೋ, “ಆರ್ಡರ್ ಆರ್ಡರ್,” ಎಂದ, ಬಾಲ್ಕನಿ ನಕ್ಕಿತು. ನನಗೆ ಅಳು ಬಂದಂತಾಯಿತು.

ನಾಲ್ಕ­ನೆಯ ದೃಶ್ಯದಲ್ಲಿ ಮಾತಿರಲಿಲ್ಲ. ಮಗಳು ಜಗಳವಾಡಿ ಮನೆ ಬಿಟ್ಟು ಹೋಗುತ್ತಾಳೆ. ತಂದೆ ಬಾಗಿಲು ಹಾಕಿ ಚಿಲಕ ಜಡಿಯುತ್ತಾನೆ. ಎರಡು ಹೆಜ್ಜೆ ಒಳಗೆ ಬರುತ್ತಾನೆ. ನಿಲ್ಲುತ್ತಾನೆ. ತಿರುಗಿ ಹೋಗಿ ಸದ್ದಾಗದಂತೆ ಚಿಲಕ ತೆಗೆದು, ಬಾಗಿಲನ್ನು ಬರೀ ಮುಂದಕ್ಕೆ ಎಳೆದು, ಬಂದು ಕೂರುತ್ತಾನೆ. ಅಷ್ಟೆ. ಪಕ್ಕದಲ್ಲಿ ಪೆನ್ಸಿಲಿನ ಸದ್ದು ನಿಂತುಹೋಗಿತ್ತು.

ಹೊರಗೆ ಬಂದು ಆಟೋ ಹತ್ತಿದೆವು. ಮಿಸ್ ಕೇಳಿದರು: “ಚೆನ್ನಾಗಿತ್ತಾ? ಇಲ್ಲ, ನಮ್ಮ ಓನರ್ ಅಂತ ಚೆನ್ನಾಗಿ ಕಾಣ್ತಾ?”

“ಚೆನ್ನಾಗಿತ್ತು ಮಿಸ್.”

“ನಿಮ್ಮ ಮಾತು ಲೆಕ್ಕಕ್ಕಿಲ್ಲ. ನೀವು ಪಕ್ಕದ ಮನೆಯವರು.” ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತ, “ನನ್ನದೂ,” ಎಂದರು.

ಶನಿವಾರ ನನ್ನನ್ನು ಮತ್ತೆ ಎಳೆದುಕೊಂಡು ಹೋದರು. ಅತ್ತೆಗೆ ಶನಿವಾರವೂ ದೇವಸ್ಥಾನವೇ ಎಂದು ಅನುಮಾನ ಬಂತು, ಶನಿದೇವರೆಂದು ದಾಟಿಸಿದೆ. ಈ ಸಲ ಮಿಸ್ ಮುಂದಿನ ಸಾಲಿಗೆ ಟಿಕೆಟ್ ತೆಗೆದುಕೊಂಡರು. ಆ ದೃಶ್ಯ ಬಂದಾಗ ಅವರು ಪರದೆಗೆ ಬೆನ್ನು ಮಾಡಿ, ಕುರ್ಚಿಯಲ್ಲಿ ಪೂರ್ತಿ ತಿರುಗಿ, ಜನರನ್ನು ನೋಡುತ್ತ ಕೂತರು. “ರೀ ಮೇಡಂ, ಪಿಕ್ಚರ್ ಆ ಕಡೆ ಇರೋದು,” ಎಂದು ಯಾರೋ ಕೂಗಿದ. ಮಿಸ್ ಅಲ್ಲಾಡಲಿಲ್ಲ. ನಾನೂ ಮೆಲ್ಲಗೆ ತಿರುಗಿದೆ. ಪರದೆಯ ಬೆಳಕು ಬಿದ್ದ ಮುಖಗಳು. ಕಡಲೆಕಾಯಿ ಸುಲಿಯುತ್ತಿದ್ದ ಹೆಂಗಸಿನ ಕೈ ನಿಂತಿತ್ತು. ಒಂದು ಕುರ್ಚಿಯೂ ಟಪ್ಪೆನ್ನಲಿಲ್ಲ. ನಮ್ಮನ್ನು ಕೂಗಿದವನೂ ಬಾಯಿ ಮುಚ್ಚಿಕೊಂಡಿದ್ದ.

“ಇವರು ಯಾರೂ ಅವರ ಬಾಡಿಗೆದಾರರಲ್ಲ,” ಎಂದು ಮಿಸ್ ನೋಟ್‌ಬುಕ್ ತೆಗೆದರು.

ಭಾನುವಾರ ಬಂದದ್ದು ಇಷ್ಟು: “ತಂದೆಯ ಪಾತ್ರಧಾರಿ ಬಾಯಿ ತೆರೆದಾಗಲೆಲ್ಲ ತೀರ್ಪು ಕೊಡುತ್ತಾರೆ. ಆದರೆ ಹಾಕಿದ ಚಿಲಕವನ್ನು ಅವರು ಮತ್ತೆ ತೆಗೆಯುವ ಆ ಅರ್ಧ ನಿಮಿಷಕ್ಕಾಗಿ ಈ ಸಿನಿಮಾ ನೋಡಬೇಕು.”

ಅಂದು ಅಂಕಲ್ ಗಟ್ಟಿಯಾಗಿ ಓದಲಿಲ್ಲ. ಪತ್ರಿಕೆಯನ್ನು ಮಿಸ್ ಮುಂದೆ ಹಿಡಿದು, “ನೀವೇ ಓದಿ ಮಿಸ್. ನಾನು ಸರಿಯಾಗಿ ಓದ್ಕೊಂಡ್ನೋ ಇಲ್ವೋ,” ಎಂದರು. ಮಿಸ್ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ತಮ್ಮದೇ ಸಾಲನ್ನು ಅವರಿಗೆ ಓದಿ ಹೇಳಿದರು, ಪರೀಕ್ಷೆಗೆ ಡಿಕ್ಟೇಷನ್ ಕೊಡುವ ದನಿಯಲ್ಲಿ, ಎಲ್ಲೂ ಏರಿಳಿತವಿಲ್ಲದೆ. ಇನ್ನೊಂದು ಸಲ ಎಂದರು ಅಂಕಲ್. ಇನ್ನೊಂದು ಸಲ ಓದಿದರು.

“ಇವನಿಗೆ ನಾನು ಯಾರು ಅಂತ ಗೊತ್ತಿಲ್ಲ ಮಿಸ್,” ಎಂದರು ಅಂಕಲ್. “ಬೈದೂ ಇದಾನೆ ನೋಡಿ. ಗುರುತಿದ್ದೋನಾದ್ರೆ ಬೈತಿರ್ಲಿಲ್ಲ. ಗುರುತಿಲ್ದೋನು ಬರೆದ. ಇದು ಸಾಕು ನನಗೆ.”

ಅದೇ ಸಂಜೆ ಮಿಸ್ ನನ್ನನ್ನು ಮಹಡಿಗೆ ಕರೆದರು. “ಇಷ್ಟು ದಿನ ನನಗೋಸ್ಕರ ಹೇಳಬೇಡಿ ಅಂತಿದ್ದೆ. ಇನ್ಮೇಲೆ ಅವರಿಗೋಸ್ಕರ. ಮೇಲ್ಗಡೆ ರೂಮಿನೋಳು ಬರೆದದ್ದು ಅಂತ ಗೊತ್ತಾದ ದಿನ ಆ ಸಾಲು ಸತ್ತುಹೋಗುತ್ತೆ. ನಾನು ಸತ್ಮೇಲೂ ಹೇಳಬೇಡಿ.” ಅವರು ಹಾಗೆಲ್ಲ ಮಾತಾಡುವವರಲ್ಲ. ನಾನು ಹೂಂ ಎಂದೆ.

ಅಂಕಲ್ ಪತ್ರಿಕೆಯ ಆ ತುಣುಕಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದರು. ಬೈದ ಸಾಲನ್ನೂ ಕತ್ತರಿಸಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಊರಿಗೆ ಮಲ್ಟಿಪ್ಲೆಕ್ಸ್ ಬಂತು, ಸದ್ದೇ ಮಾಡದ ಮೆತ್ತನೆಯ ಕುರ್ಚಿಗಳು ಬಂದವು. ಪತ್ರಿಕೆಯ ಹೊಸಬರು, ಸಂಪಾದಕರ ಮೂಲಕವೇ, ಪ್ರತಿ ಸಿನಿಮಾಕ್ಕೂ ಐದರಲ್ಲಿ ಇಷ್ಟು ಸ್ಟಾರ್ ಎಂದು ಕೊಡಬೇಕೆಂದರು. ಮಿಸ್ ಒಪ್ಪಲಿಲ್ಲ. “ಟೈಪಿಂಗ್‌ನಲ್ಲಿ ತಪ್ಪಿಗೆ ಇಷ್ಟು ಅಂತ ಮಾರ್ಕ್ ಕಳೀಬಹುದು. ಚಿಲಕ ತೆಗೆದದ್ದಕ್ಕೆ ಎಷ್ಟು ಸ್ಟಾರ್ ಹಾಕ್ಲಿ?” ಎಂದು ನನ್ನನ್ನು ಕೇಳಿದರು, ಪತ್ರಿಕೆಯವರನ್ನಲ್ಲ. ಅಂಕಣ ನಿಂತಿತು. ಕಂಪ್ಯೂಟರ್ ಬಂದು ಇನ್‌ಸ್ಟಿಟ್ಯೂಟೂ ಮುಚ್ಚಿತು. ಅವರು ತುಮಕೂರಿಗೆ ಹೊರಟ ದಿನ ನಮ್ಮ ಅತ್ತೆ ಕಣ್ಣೊರೆಸಿಕೊಂಡು, “ಎಂಥ ದೈವಭಕ್ತೆ,” ಎಂದರು. ಮಿಸ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ಸಿಕ್ಕಿಬೀಳುತ್ತಿದ್ದೆವು.

ಇಷ್ಟನ್ನೂ ನೆನೆಸಿಕೊಳ್ಳುತ್ತ ಅಂದು ನಾನು ಅಡಿಗೆ ಮಾಡಿದೆ. ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಅವರ ಫೋಟೋ ಒಂದು ನನ್ನ ಬಳಿ ಇತ್ತು, ನನ್ನ ಮಗಳ ಹುಟ್ಟುಹಬ್ಬದ್ದು. ಹಿಂದೆ ಕೊನೆಯಲ್ಲಿ ನಿಂತಿದ್ದಾರೆ, ಪೆನ್ಸಿಲಿನ ತುದಿ ಕಾಣುತ್ತದೆ. ಅದನ್ನು ಮಧ್ಯಾಹ್ನವೆಲ್ಲ ಫೋನಿನ ಪಕ್ಕ ಇಟ್ಟುಕೊಂಡಿದ್ದೆ. ಮಾತು ಕೊಟ್ಟದ್ದು ಹೌದು. ಆದರೆ ಹದಿಮೂರು ವರ್ಷ ಬರೆದವರು ತಮ್ಮ ಹೆಸರಿಗೆ ಒಂದು ಸಾಲೂ ಇಲ್ಲದೆ ಹೋಗುವುದು ಯಾವ ನ್ಯಾಯ? ಅತ್ತ ಎಂಬತ್ತರ ಹತ್ತಿರದ ಅಂಕಲ್ ನಾಳೆ ಬೆಳಿಗ್ಗೆ ಪತ್ರಿಕೆ ಬಿಡಿಸುತ್ತಾರೆ. ಆ ಫೋಟೋ ನೋಡುತ್ತಾರೆ. ಆಮೇಲೆ ಗೋಡೆಯ ಕಡೆ ನೋಡುತ್ತಾರೆ.

ಐದಕ್ಕೆ ಹತ್ತು ನಿಮಿಷವಿದ್ದಾಗ ಫೋನು ಮಾಡಿದೆ.

“ಹೆಸರು ಸಿಕ್ತಾ ಮೇಡಂ?”

“ಇಲ್ಲಮ್ಮ. ಯಾರಿಗೂ ಗೊತ್ತಿಲ್ವಂತೆ.”

“ಹೆಸರಿಲ್ದೆ ಹಾಕೋಕಾಗಲ್ವಲ್ಲ ಮೇಡಂ.”

“ಬೇಡ ಬಿಡಮ್ಮ,” ಎಂದೆ. “ನಿಮ್ಮ ತಂದೆಗೆ ಮಾತ್ರ ಹೇಳು.”

ಫೋಟೋವನ್ನು ಬೀರುವಿನಲ್ಲಿಟ್ಟು, ಮುಖ ತೊಳೆದುಕೊಂಡು, ಪಕ್ಕದ ಮನೆಗೆ ಹೋದೆ. ಬಾಡಿಗೆಗಿದ್ದವರು ಹೋದ ಸುದ್ದಿಯನ್ನಾದರೂ ಹೇಳಬೇಕಲ್ಲ. ಅಂಕಲ್ ಮಂಕಿ ಕ್ಯಾಪ್ ಹಾಕಿಕೊಂಡು ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಹೇಳಿದೆ. ಲೋಟವನ್ನು ಕೆಳಗಿಟ್ಟರು.

“ಛೆ. ನನಗಿಂತ ಎಷ್ಟು ಚಿಕ್ಕವರು,” ಎಂದರು. ಅವರನ್ನು ನೆನೆಸಿಕೊಳ್ಳುತ್ತ ಹೋದರು. ಒಂದು ದಿನವೂ ಜೋರಾಗಿ ಬಾಗಿಲು ಹಾಕಿದವರಲ್ಲ, ನಲ್ಲಿ ಸುಮ್ಮನೆ ಬಿಟ್ಟವರಲ್ಲ ಎಂದರು. ಒಂದೇ ಒಂದು ದಿನ ಬಿಟ್ಟಿದ್ದರು, ನನಗೆ ಗೊತ್ತಿತ್ತು. “ಹೌದು ಅಂಕಲ್,” ಎಂದೆ. ಆಮೇಲೆ ಅವರು ತಣ್ಣಗಾಗಿದ್ದ ಕಾಫಿಯನ್ನು ಮತ್ತೆ ಎತ್ತಿಕೊಂಡರು.

“ಒಳ್ಳೆ ಹೆಂಗಸು ಕಣಮ್ಮ,” ಎಂದರು. “ಸಿನಿಮಾ ಒಂದು ತಲೆಗೆ ಹತ್ತುತ್ತಿರ್ಲಿಲ್ಲ, ಪಾಪ. ನನ್ನ ಬಗ್ಗೆ ಬಂದಿದ್ದನ್ನ ಅವರ ಕೈಲಿ ಓದಿಸಿದೆನಲ್ಲ, ಕರೆಂಟ್ ಬಿಲ್ ಓದಿದ ಹಾಗೆ ಓದಿದ್ರು.”